ಫ್ರೆಂಚ್ ಪತ್ರಿಕೆಗಳ ಬೆಳ್ಳಿ ಪದಕಗಳು

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಪತ್ರಿಕೆಯು ಸುದ್ದಿಯ ಹಾಳೆಯಾಗಿ ಉಳಿಯದೆ, ಷೇರುದಾರರ ಬಂಡವಾಳದಿಂದ ನಡೆಯುವ ಉದ್ಯಮವಾಗಿಯೂ ಸ್ಪರ್ಧೆಗಳನ್ನು ಏರ್ಪಡಿಸುವ ಸಂಸ್ಥೆಯಾಗಿಯೂ ಬೆಳೆದುದರಿಂದ, ಅದರ ಹೆಸರಿನಲ್ಲಿ ಬೆಳ್ಳಿಯ ಪದಕಗಳನ್ನು ಟಂಕಿಸುವ ವಾಡಿಕೆ ಬಲವಾಯಿತು. ಎಮಿಲ್ ದ ಜಿರಾರ್ದಾಂ 1836ರಲ್ಲಿ ‘ಲಾ ಪ್ರೆಸ್’ ಆರಂಭಿಸಿ, ಜಾಹೀರಾತಿನ ಆದಾಯವನ್ನು ನೆಚ್ಚಿ, 80 ಫ್ರಾಂಕ್ ಇದ್ದ ವಾರ್ಷಿಕ ಚಂದಾವನ್ನು 40ಕ್ಕೆ ಇಳಿಸಿದನು; 1863ರಲ್ಲಿ ಹುಟ್ಟಿದ ‘ಲ ಪೆತಿ ಜುರ್ನಾಲ್’ ಬಿಡಿ ಪ್ರತಿಯನ್ನು 5 ಸೆಂಟೀಮಿಗೆ ಮಾರಿ ದುಡಿಯುವ ಜನರನ್ನೂ ಓದುಗರನ್ನಾಗಿಸಿತು. ಇದೇ ಪತ್ರಿಕೆ 1891ರಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ಪಂದ್ಯವನ್ನೂ, ‘ಲೋತೊ’ ಪತ್ರಿಕೆ 1903ರಲ್ಲಿ ಟೂರ್ ದ ಫ್ರಾನ್ಸನ್ನೂ ಆರಂಭಿಸಿದುದನ್ನು ನೆನೆದರೆ, ಪತ್ರಿಕೆಗಳ ಹೆಸರು ಹೊತ್ತ ಬಹುಮಾನ ಪದಕಗಳು ಏಕೆ ಅಷ್ಟು ಸಿಗುತ್ತವೆಂಬುದು ತಿಳಿಯುತ್ತದೆ.

ಇವುಗಳ ಜೊತೆಗೆ ‘ಜೆತೋಂ’ ಎಂಬ ಬಿಲ್ಲೆಗಳೂ ಇವೆ. ಕಂಪನಿಯ ಸಭೆಗೆ ಹಾಜರಾದ ಸದಸ್ಯರಿಗೆ ಗೌರವಧನದಂತೆ ಕೊಡುತ್ತಿದ್ದ ಈ ಬೆಳ್ಳಿಯ ತುಂಡುಗಳು ಬಹುಮಟ್ಟಿಗೆ ಎಂಟು ಮೂಲೆಯವು.

ಶತಮಾನದ ಕೊನೆಯಲ್ಲಿ ಆಸ್ಕರ್ ರೋತಿ ಮತ್ತು ಜೂಲ್ ಶಾಪ್ಲ್ಯಾಂ ಅವರಂಥ ಶಿಲ್ಪಿಗಳು ಪದಕಕಲೆಗೆ ಹೊಸ ಸೌಕುಮಾರ್ಯ ತಂದರು. ಶಿಲ್ಪಿ ದೊಡ್ಡದಾಗಿ ರೂಪಿಸಿದ ಉಬ್ಬುಚಿತ್ರವನ್ನು, ಅದರ ಏರಿಳಿತಗಳನ್ನು ಸವರುತ್ತ ಚಿಕ್ಕ ಅಳತೆಯಲ್ಲಿ ಉಕ್ಕಿಗೆ ಕೊರೆಯುವ ಯಂತ್ರವೊಂದು ಈ ಬದಲಾವಣೆಗೆ ನೆರವಾಯಿತು.

ಆದರೂ ಸಂಗ್ರಾಹಕನು ಮೊದಲು ನೋಡಬೇಕಾದುದು ಚಿತ್ರವನ್ನಲ್ಲ, ಅಂಚನ್ನು. ಪ್ಯಾರಿಸ್ ಟಂಕಸಾಲೆಯು 1832ರಿಂದ ಪದಕದ ದಪ್ಪದ ಅಂಚಿನ ಮೇಲೆ ಕಿರುಮುದ್ರೆಯೊಂದನ್ನು ಒತ್ತುತ್ತ ಬಂದಿದೆ: ಮೊದಲು ದೀಪ, 1845ರಿಂದ 1860ರವರೆಗೆ ಬೆರಳು ತೋರುವ ಕೈ, ಆಮೇಲೆ 1879ರವರೆಗೆ ಜೇನುನೊಣ, 1880ರಿಂದ ಸಮೃದ್ಧಿಯ ಕೊಂಬು. ಅದರ ಪಕ್ಕದಲ್ಲಿ ಲೋಹದ ಹೆಸರೂ ಇರುತ್ತದೆ. ಬೆಳ್ಳಿಯಾದರೆ ‘ಅರ್ಜಾಂ’ ಎಂದು. ಟಂಕಸಾಲೆ ಹಳೆಯ ಅಚ್ಚುಗಳನ್ನು ಕಾಪಾಡಿಕೊಂಡು ಬೇಡಿಕೆ ಬಂದಾಗ ಮತ್ತೆ ಬಳಸುತ್ತಿತ್ತಾದ್ದರಿಂದ, 1850ರ ಇಸವಿ ಹೊತ್ತ ಪದಕದ ಅಂಚಿನಲ್ಲಿ ಕೊಂಬಿನ ಗುರುತು ಕಂಡರೆ ಅದು ಮೂವತ್ತು ವರ್ಷಗಳಾದರೂ ಕಳೆದ ಮೇಲೆ ಟಂಕಿಸಿದ ಪ್ರತಿಯೆಂದು ನಿಶ್ಚಯಿಸಬಹುದು. ಹೀಗೆ ಮರುಟಂಕಿಸಿದ ಪ್ರತಿ ನಕಲಿಯಲ್ಲ, ಆದರೆ ಮೂಲದ ಬೆಲೆಗೆ ಅದನ್ನು ಕೊಳ್ಳುವುದು ತಪ್ಪು. ಖಾಸಗಿ ತಯಾರಕರು ತಮ್ಮದೇ ಮುದ್ರೆಗಳನ್ನು ಬಳಸಿದ್ದರಿಂದ ಅವನ್ನು ಬೇರೆಯಾಗಿಯೇ ಕಲಿಯಬೇಕಾಗುತ್ತದೆ. ಬೆಳ್ಳಿಯ ನೀರು ಕೊಟ್ಟ ಕಂಚಿನ ಪದಕಗಳೂ ಮಾರುಕಟ್ಟೆಯಲ್ಲಿ ಹೇರಳವಾಗಿದ್ದು, ಉಬ್ಬಿದ ಭಾಗಗಳು ಸವೆದಲ್ಲಿ ಒಳಗಿನ ಕೆಂಪು ಛಾಯೆ ಇಣುಕುವುದರಿಂದ ಸಿಕ್ಕಿಬೀಳುತ್ತವೆ.

ಬಹುಮಾನ ಪದಕಗಳ ಹಿಂಬದಿಯಲ್ಲಿ ವಿಜೇತನ ಹೆಸರು ಕೆತ್ತಲೆಂದು ಜಾಗ ಬಿಡುವುದಿತ್ತು. ಹೆಸರು ಕೆತ್ತಿದ ಪದಕಕ್ಕೆ ಬೆಲೆ ಕಡಿಮೆಯೆಂದು ಕೆಲವರು ಎಣಿಸುವುದುಂಟಾದರೂ, ಯಾವ ಪತ್ರಿಕೆ ಯಾವ ವರ್ಷ ಯಾರನ್ನು ಗೌರವಿಸಿತೆಂಬ ದಾಖಲೆಯಾಗಿ ಅದೇ ಹೆಚ್ಚು ಬೆಲೆಯುಳ್ಳದ್ದು. ಆದ್ದರಿಂದ ಇಂಥ ಪದಕ ಕೈಗೆ ಬಂದವರು ಆ ಹೆಸರನ್ನು ಉಜ್ಜಿ ತೆಗೆಸಬಾರದು. ಕಾಲ ತಂದ ಕಪ್ಪು ಛಾಯೆಯನ್ನು ಹುಣಿಸೆಯಿಂದಾಗಲಿ ಪಾಲಿಶಿನಿಂದಾಗಲಿ ತೊಳೆಯದೆ, ಪಿವಿಸಿ ಚೀಲದ ಬದಲು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಇಡಬೇಕು.