ಮುತ್ಯಾನ ಮಾರಿ ಮುತ್ಯಾನದೇ ಇರಲಿ: ಲೇಯರ್ ಮಾಸ್ಕ್ ಕಲಿಯೋಣ ಬನ್ನಿ

ಹಳೇ ಫೋಟೊದ ಕಲೆ ಹೋಗಬೇಕು, ಮುಖ ಮಾತ್ರ ಬದಲಾಗಬಾರದು. ಫೋಟೊ ಎಡಿಟಿಂಗ್‌ನಲ್ಲಿ ಇದಕ್ಕೊಂದು ಹಳೆಯ, ಸರಳ ಉಪಾಯ ಇದೆ. ಮೊಬೈಲ್‌ನಲ್ಲೂ ಮಾಡಬಹುದು, ದುಡ್ಡೂ ಬೇಕಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳ ಪಡಸಾಲೆಗೆ ಕಾಲಿಟ್ಟರೆ ಗೋಡೆ ಮೇಲೆ ಒಂದಾದರೂ ಹಳೇ ಫೋಟೊ ಕಾಣುತ್ತೆ. ರುಮಾಲು ಸುತ್ತಿದ ಮುತ್ಯಾ, ತಲೆ ತುಂಬ ಸೆರಗು ಹೊದ್ದ ಆಯಿ. ಎಷ್ಟೋ ಮನೆಗಳಲ್ಲಿ ಅವರದು ಅಂತ ಉಳಿದಿರೋದು ಅದೊಂದೇ ಫೋಟೊ. ನೆಗೆಟಿವ್ ಎಂದೋ ಕಳೆದಿದೆ, ತೆಗೆದ ಸ್ಟುಡಿಯೊ ಮುಚ್ಚಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹರಿದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿತ್ತಲ್ಲ, ಅಂಥ ನೀರಿಗೆ ಸಿಕ್ಕ ಫೋಟೊಗಳ ಅಂಚಿನಲ್ಲಿ ಕಂದು ಕಲೆ ಕೂತುಬಿಡುತ್ತೆ.

ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಕೆಲಸ ಮಾಡೋ ಮೊಮ್ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಈ ಫೋಟೊವನ್ನ ಮೊಬೈಲ್‌ನಲ್ಲಿ ಹಿಡಿದು, ಯಾವುದೋ ಎಐ ಆಪ್‌ಗೆ ಹಾಕ್ತಾರೆ. ಒಂದೇ ಒತ್ತಿಗೆ ಕಲೆ ಮಾಯ, ಹಿನ್ನೆಲೆ ಸ್ವಚ್ಛ, ಬಟ್ಟೆ ಹೊಸದು. ಮನೆಯ ಹಿರಿಯರು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳ್ತಾರೆ: “ಫೋಟೊ ಚಂದ ಆಗ್ಯಾದ, ಖರೆ ಇದು ನಮ್ಮಪ್ಪನ ಮಾರಿ ಅಲ್ಲಪ್ಪಾ.”

ಅವರು ಹೇಳೋದು ಸರಿ. ಮಸುಕಾದ ಫೋಟೊದಲ್ಲಿ ಇಲ್ಲದ ವಿವರವನ್ನು ಎಐ ಎಲ್ಲಿಂದಲೂ ಹುಡುಕಿ ತರೋದಿಲ್ಲ. ತಾನು ಮೊದಲು ನೋಡಿದ ಲಕ್ಷಾಂತರ ಮುಖಗಳ ಆಧಾರದ ಮೇಲೆ “ಇಲ್ಲಿ ಕಣ್ಣು ಹೀಗಿರಬಹುದು” ಅಂತ ಊಹಿಸಿ ಬರೆಯುತ್ತೆ. ಗೋಡೆ, ಅಂಗಿ, ಕುರ್ಚಿಯ ವಿಷಯದಲ್ಲಿ ಊಹೆ ನಡೀತದೆ. ಮುಖದ ವಿಷಯದಲ್ಲಿ ನಡೆಯಲ್ಲ. ಕಣ್ಣಿನ ಕೆಳಗಿನ ಒಂದು ಗೆರೆ, ಮೀಸೆಯ ಒಂದು ತಿರುವು ಬದಲಾದರೂ ಮುತ್ಯಾ ಬೇರೆ ಯಾರೋ ಆಗಿಬಿಡ್ತಾರೆ.

ಹಾಗಾದ್ರೆ ಎಐ ಬಿಟ್ಟೇಬಿಡಬೇಕಾ? ಬೇಡ. ಹಿನ್ನೆಲೆ ಅದರದು ತಗೊಳ್ಳಿ, ಮುಖ ಮಾತ್ರ ಹಳೇ ಫೋಟೊದ್ದೇ ಇಟ್ಟುಕೊಳ್ಳಿ. ಈ ಕೆಲಸಕ್ಕೆ ಬೇಕಾಗಿರೋದೇ ಲೇಯರ್ ಮಾಸ್ಕ್.

ಸೆರಗು ಹೊದ್ದರೆ ಕೂದಲು ಹೋಗುತ್ತಾ?

ಮೊದಲು ಲೇಯರ್ ಅಂದ್ರೇನು ನೋಡೋಣ. ಒಂದು ಫೋಟೊದ ಮೇಲೆ ಇನ್ನೊಂದು ಫೋಟೊ ಇಟ್ಟರೆ ಎರಡು ಲೇಯರ್. ಮೇಲಿನದು ಕೆಳಗಿನದನ್ನು ಪೂರ್ತಿ ಮುಚ್ಚಿಬಿಡುತ್ತೆ. ಕೆಳಗಿನದು ಅಲ್ಲಲ್ಲಿ ಕಾಣಬೇಕು ಅಂದ್ರೆ ಮೇಲಿನದರಲ್ಲಿ ಅಷ್ಟು ಜಾಗ ಬಿಡಿಸಬೇಕು. ಹೊಸಬರು ಇದಕ್ಕೆ ಇರೇಸರ್ ಹಿಡೀತಾರೆ, ಅಳಿಸ್ತಾರೆ. ಅಳಿಸಿದ್ದು ಅಳಿಸಿದ್ದೇ. ಫೈಲ್ ಸೇವ್ ಮಾಡಿ ಮುಚ್ಚಿದ ಮೇಲೆ, ನಾಳೆ “ಅಯ್ಯೋ, ಕಿವಿ ಸ್ವಲ್ಪ ಜಾಸ್ತಿ ಹೋಯ್ತು” ಅನ್ನಿಸಿದರೆ ತಿರುಗಿ ಬರಲ್ಲ.

ಮಾಸ್ಕ್ ಅಳಿಸಲ್ಲ, ಮರೆ ಮಾಡುತ್ತೆ. ನಮ್ಮ ಕಡೆ ಹೆಣ್ಣುಮಕ್ಕಳು ತಲೆ ಮೇಲೆ ಸೆರಗು ಹೊದೀತಾರಲ್ಲ, ಹಾಗೆ. ಸೆರಗು ಹೊದ್ದರೆ ಕೂದಲು ಕಾಣಲ್ಲ. ಹಾಗಂತ ಕೂದಲು ಕತ್ತರಿಸಿದಂಗೆ ಆಯ್ತಾ? ಸೆರಗು ಜಾರಿಸಿದರೆ ಜಡೆ ಅಲ್ಲೇ ಇರುತ್ತೆ.

ಸಾಫ್ಟ್‌ವೇರ್‌ನಲ್ಲಿ ಈ ಸೆರಗು ಅಂದ್ರೆ ಲೇಯರ್‌ಗೆ ಅಂಟಿಕೊಂಡ ಒಂದು ಕಪ್ಪು-ಬಿಳುಪು ಚಿತ್ರ. ನಿಯಮ ಮೂರೇ:

• ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಆ ಲೇಯರ್ ಕಾಣುತ್ತೆ.
• ಕಪ್ಪು ಇದ್ದಲ್ಲಿ ಆ ಲೇಯರ್ ಮರೆಯಾಗಿ ಕೆಳಗಿನದು ಕಾಣುತ್ತೆ.
• ಬೂದು ಇದ್ದಲ್ಲಿ ತೆಳು ಸೆರಗಿನಂತೆ ಅರೆಬರೆ ಕಾಣುತ್ತೆ.

ಸಾಮಾನ್ಯ 8 ಬಿಟ್ ಫೈಲಿನಲ್ಲಿ ಕಪ್ಪಿನಿಂದ ಬಿಳಿವರೆಗೆ 256 ಮೆಟ್ಟಿಲು ಇರ್ತವೆ. ಅದಕ್ಕೇ ಎರಡು ಫೋಟೊ ಕೂಡೋ ಜಾಗ ಕಣ್ಣಿಗೆ ಗೊತ್ತಾಗದಷ್ಟು ನುಣ್ಣಗೆ ಬರುತ್ತೆ.

ಇದು ಕಂಪ್ಯೂಟರ್ ಕಂಡುಹಿಡಿದ ವಿದ್ಯೆ ಏನಲ್ಲ. 1857ರಲ್ಲೇ ಆಸ್ಕರ್ ರೈಲಾಂಡರ್ ಅನ್ನೋ ಛಾಯಾಗ್ರಾಹಕ ಇಂಗ್ಲೆಂಡ್‌ನಲ್ಲಿ 30ಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ್ದ. ಒಂದು ಭಾಗಕ್ಕೆ ಬೆಳಕು ಬಿಡುವಾಗ ಉಳಿದ ಭಾಗ ಮುಚ್ಚಿಡೋದೇ ಅವನ ಉಪಾಯ. ಮುಂದೆ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲೂ ರಟ್ಟು ಕತ್ತರಿಸಿ, ಕೈ ಅಡ್ಡ ಹಿಡಿದು ಬೆಳಕು ತಡೀತಿದ್ದರು. ಫೋಟೊಶಾಪ್ ಬಂದದ್ದು 1990ರಲ್ಲಿ, ಅದಕ್ಕೆ ಲೇಯರ್ ಸೇರಿದ್ದು 1994ರಲ್ಲಿ.

ಈಗ ಮೂರು ಅಭ್ಯಾಸ ಮಾಡೋಣ, ಒಂದೊಂದು ತಾಲ್ಲೂಕಿಗೆ ಒಂದೊಂದು.

1. ಆಳಂದ: ತೊಗರಿ ಹೊಲದ ನಡು, ಕಪ್ಪಾದ ಮುಖ

ತೊಗರಿ ಹಳದಿ ಹೂ ಬಿಟ್ಟಾಗ ಹೊಲದಲ್ಲಿ ಅಪ್ಪನ ಫೋಟೊ ತೆಗೀತೀರಿ. ಮಧ್ಯಾಹ್ನದ ಬಿಸಿಲು. ಹೊಲ, ಆಕಾಶ ಚೆನ್ನಾಗಿ ಬಂದಿವೆ; ರುಮಾಲಿನ ನೆರಳಿಗೆ ಮುಖ ಕಪ್ಪಾಗಿದೆ. ಪೂರ್ತಿ ಫೋಟೊ ಬೆಳಗಿಸಿದರೆ ಆಕಾಶ ಬಿಳಿಚಿ ಹೋಗುತ್ತೆ. ಮುಖಕ್ಕಷ್ಟೇ ಬೆಳಕು ಬೇಕು.

ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್ ಆಪ್ ಸಾಕು, ಅದು ಉಚಿತ. ಟ್ಯೂನ್ ಇಮೇಜ್‌ಗೆ ಹೋಗಿ ಮುಖ ಸರಿ ಕಾಣುವಷ್ಟು ಬ್ರೈಟ್‌ನೆಸ್ ಏರಿಸಿ. ಆಕಾಶ ಹಾಳಾದ್ರೂ ಸದ್ಯಕ್ಕೆ ಚಿಂತೆ ಬೇಡ. ಓಕೆ ಕೊಟ್ಟು, ವ್ಯೂ ಎಡಿಟ್ಸ್ ತೆರೆಯಿರಿ. ಈಗಷ್ಟೇ ಮಾಡಿದ ಬದಲಾವಣೆ ಮೇಲೆ ಒತ್ತಿದರೆ ಬ್ರಷ್ ಗುರುತು ಸಿಗುತ್ತೆ. ಅದನ್ನ ಹಿಡಿದು ಮುಖದ ಮೇಲೆ ಮಾತ್ರ ಬೆರಳಾಡಿಸಿ. ಬೆಳಕು ಬೆರಳಾಡಿದಲ್ಲಿ ಮಾತ್ರ ಬರುತ್ತೆ. (ಆಪ್‌ನ ಆವೃತ್ತಿ ಬದಲಾದರೆ ಬಟನ್ ಇರೋ ಜಾಗ ಸ್ವಲ್ಪ ಆಚೀಚೆ ಆಗಬಹುದು.)

ಬ್ರಷ್ ಪಕ್ಕದ ಅಂಕಿ ನೋಡಿ: 100, 75, 50, 25, 0. ಇದೇ ನಾವು ಹೇಳಿದ ಬಿಳಿ, ಬೂದು, ಕಪ್ಪು! ಮುಖಕ್ಕೆ 75, ಕುತ್ತಿಗೆಗೆ 50, ಅಂಗಿಯ ಹತ್ತಿರ 25 ಹಾಕಿದರೆ ಬೆಳಕು ಸಹಜವಾಗಿ ಇಳಿದು ಬರುತ್ತೆ. ಗಡಿ ದಾಟಿ ಆಕಾಶಕ್ಕೆ ಹೋಯ್ತಾ? 0 ಇಟ್ಟು ಅಲ್ಲೇ ಒರೆಸಿ.

2. ಅಫಜಲಪುರ: ಗಾಣಗಾಪುರದ ಸಂಗಮದಲ್ಲಿ ಸಂಜೆ

ದೇವಲ ಗಾಣಗಾಪುರದ ಹತ್ತಿರ ಭೀಮಾ ಮತ್ತು ಅಮರ್ಜಾ ನದಿ ಕೂಡೋ ಜಾಗ. ಸೂರ್ಯ ಮುಳುಗುವಾಗ ಆಕಾಶಕ್ಕೆ ಫೋಕಸ್ ಮಾಡಿದರೆ ನೀರು ಕಪ್ಪು. ನೀರಿಗೆ ಮಾಡಿದರೆ ಆಕಾಶದ ಬಣ್ಣವೇ ಇಲ್ಲ. ಹಾಗಾಗಿ ಮೊಬೈಲ್ ಅಲುಗಾಡದಂತೆ ಇಟ್ಟು ಎರಡು ಫೋಟೊ ತೆಗೆಯಿರಿ, ಒಂದು ಆಕಾಶಕ್ಕೆ, ಒಂದು ನೀರಿಗೆ.

ಈಗ ಬ್ರೌಸರ್‌ನಲ್ಲಿ ಫೋಟೊಪಿಯಾ ತೆರೆಯಿರಿ. ಇನ್‌ಸ್ಟಾಲ್ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಮಾಮೂಲಿ ಎಡಿಟಿಂಗ್ ನಿಮ್ಮ ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತೆ, ಮನೆಯವರ ಫೋಟೊ ಯಾವುದೋ ಸರ್ವರ್‌ಗೆ ಹೋಗಲ್ಲ. ಮೊದಲು ನೀರಿನ ಫೋಟೊ ತೆರೆಯಿರಿ. ಫೈಲ್ ಮೆನುವಿನ ಓಪನ್ ಅಂಡ್ ಪ್ಲೇಸ್‌ನಿಂದ ಆಕಾಶದ ಫೋಟೊ ಅದರ ಮೇಲೆ ತನ್ನಿ. ಲೇಯರ್ ಪಟ್ಟಿಯ ಕೆಳಗೆ ಚೌಕದೊಳಗೆ ದುಂಡು ಇರೋ ಗುರುತಿದೆ; ಒತ್ತಿದರೆ ಬಿಳಿ ಮಾಸ್ಕ್ ಬರುತ್ತೆ. ಫೋಟೊಶಾಪ್‌ನಲ್ಲೂ ಬಹುತೇಕ ಇದೇ ಗುರುತು, ಇದೇ ಜಾಗ. ಗಿಂಪ್ ಬಳಸೋರು ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಆಡ್ ಲೇಯರ್ ಮಾಸ್ಕ್ ಆರಿಸಿ.

ಮುಂದೆ ಬ್ರಷ್ ಬದಲು ಗ್ರೇಡಿಯಂಟ್ ಹಿಡಿಯಿರಿ, ಬಣ್ಣ ಕಪ್ಪಿನಿಂದ ಬಿಳಿಗೆ. ನೀರು-ಆಕಾಶ ಕೂಡೋ ಗೆರೆಯ ತುಸು ಕೆಳಗೆ ಒತ್ತಿ, ತುಸು ಮೇಲಕ್ಕೆ ಎಳೆದು ಬಿಡಿ. ಕೆಳಗೆ ಕಪ್ಪು, ಮೇಲೆ ಬಿಳಿ, ನಡುವೆ ಬೂದು. ಆಕಾಶ ಒಂದು ಫೋಟೊದ್ದು, ನೀರು ಇನ್ನೊಂದರದ್ದು, ನಡುವೆ ಹೊಲಿಗೆ ಕಾಣಲ್ಲ. ಇಷ್ಟವಾಗಲಿಲ್ಲ ಅಂದ್ರೆ ಇನ್ನೊಮ್ಮೆ ಎಳೀರಿ. ಫೋಟೊಗಳಿಗೆ ಏನೂ ಆಗಿರಲ್ಲ.

3. ಜೇವರ್ಗಿ: ನೀರು ಕುಡಿದ ಫೋಟೊ

ಈಗ ಮುಖ್ಯ ಕೆಲಸಕ್ಕೆ ಬರೋಣ. ಎಡಿಟಿಂಗ್‌ಗಿಂತ ಮೊದಲು ಒಂದು ಮಾತು: ನೆಂದ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಕಿತ್ತು ತೆಗೀಬೇಡಿ. ಮುಖದ ಪದರವೇ ಗಾಜಿಗೆ ಉಳಿದುಬಿಡಬಹುದು. ಗಾಜಿನ ಸಮೇತ, ಕಿಟಕಿ ಪಕ್ಕದ ನೆರಳಿನ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ನೇರವಾಗಿ ಫೋಟೊ ತೆಗೆಯಿರಿ. ಬಿಡಿ ಫೋಟೊ ಆಗಿದ್ದರೆ ಊರಿನ ಜೆರಾಕ್ಸ್ ಅಂಗಡಿಯಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ.

ಆಮೇಲೆ ಹೀಗೆ ಮಾಡಿ:

ಒಂದು, ಮೂಲ ಫೋಟೊ ಫೋಟೊಪಿಯಾದಲ್ಲಿ ತೆರೆಯಿರಿ. ಇದು ಕೆಳಗಿನ ಲೇಯರ್. ಕೊನೆವರೆಗೂ ಇದನ್ನು ಮುಟ್ಟೋ ಹಾಗಿಲ್ಲ.

ಎರಡು, ಎಐ ಆಪ್ ಕೊಟ್ಟ ಸ್ವಚ್ಛ ಫೋಟೊವನ್ನು ಮೇಲೆ ತನ್ನಿ. ಎರಡರ ಅಳತೆ ಬೇರೆ ಇರಬಹುದು. ಮೇಲಿನದರ ಆಪಾಸಿಟಿ 50ಕ್ಕೆ ಇಳಿಸಿ, ಕಣ್ಣಿಗೆ ಕಣ್ಣು, ಭುಜಕ್ಕೆ ಭುಜ ಕೂಡುವಂತೆ ಸರಿಸಿ. ಕೂತ ಮೇಲೆ ಮತ್ತೆ 100ಕ್ಕೆ ಏರಿಸಿ.

ಮೂರು, ಮೇಲಿನ ಲೇಯರ್‌ಗೆ ಬಿಳಿ ಮಾಸ್ಕ್ ಕೊಡಿ. ಮೆತ್ತನೆ ಅಂಚಿನ ಬ್ರಷ್, ಕಪ್ಪು ಬಣ್ಣ. ಮುಖದ ಮೇಲೆ ಹಚ್ಚುತ್ತಾ ಹೋಗಿ: ಹಣೆ, ಕಣ್ಣು, ಮೂಗು, ಮೀಸೆ, ಗದ್ದ. ಕಪ್ಪು ಹಚ್ಚಿದಲ್ಲೆಲ್ಲ ಎಐ ಮುಖ ಮರೆಯಾಗಿ ಕೆಳಗಿನಿಂದ ನಿಜವಾದ ಮುಖ ಕಾಣುತ್ತೆ. ಸ್ವಲ್ಪ ಮಸುಕು ಇರುತ್ತೆ, ಇರಲಿ ಬಿಡಿ.

ನಾಲ್ಕು, ಕಿವಿ, ರುಮಾಲಿನ ಅಂಚು, ಕುತ್ತಿಗೆಯಲ್ಲಿ ಬ್ರಷ್‌ನ ಆಪಾಸಿಟಿ 30ಕ್ಕೆ ಇಳಿಸಿ ಮೆಲ್ಲಗೆ ಹಚ್ಚಿ. ಎರಡೂ ಫೋಟೊ ಇಲ್ಲಿ ಬೆರೀತವೆ.

ಐದು, ಮುಖದ ಮೇಲೇ ಕಲೆ ಇದ್ದರೆ? ಕರ್ವ್ಸ್ ಅನ್ನೋ ಅಡ್ಜಸ್ಟ್‌ಮೆಂಟ್ ಲೇಯರ್ ಎಲ್ಲದರ ಮೇಲೆ ಸೇರಿಸಿ. ಅದು ಬರೋದೇ ಮಾಸ್ಕ್ ಜೊತೆ. ಕಲೆ ತಿಳಿಯಾಗುವಷ್ಟು ಬೆಳಕು ಏರಿಸಿ. ಆ ಮಾಸ್ಕ್ ಪೂರ್ತಿ ಕಪ್ಪು ಮಾಡಿ, ಕಲೆ ಇರುವಲ್ಲಿ ಮಾತ್ರ ಬಿಳಿ ಬ್ರಷ್ ಹಚ್ಚಿ. ಕಲೆಯಷ್ಟೇ ತೆಳುವಾಗುತ್ತೆ, ಕೆಳಗಿನ ಗೆರೆಗಳು ಉಳೀತವೆ.

ಇಷ್ಟಾದ ಮೇಲೆ ಹಿರಿಯರಿಗೆ ತೋರಿಸಿ. “ಹುಬ್ಬು ಹಿಂಗಿರಲಿಲ್ಲ” ಅಂದರೆ ಸಿಟ್ಟಾಗಬೇಡಿ. ಆ ಮುಖ ಕಣ್ಣಾರೆ ಕಂಡವರು ಅವರೇ ತಾನೇ? ಬ್ರಷ್ ಹಿಡಿದು ಅಲ್ಲಿಷ್ಟು ಕಪ್ಪು ಹಚ್ಚಿದರೆ ಮೂಲ ಹುಬ್ಬು ಕಾಣುತ್ತೆ.

ಹೊಸಬರು ಎಡವೋದು ಇಲ್ಲೇ

ಫೋಟೊ ಮೇಲೆ ಕಪ್ಪು ಬಣ್ಣ ಬಿತ್ತಾ? ನೀವು ಮಾಸ್ಕ್ ಆರಿಸಿಲ್ಲ, ಫೋಟೊ ಆರಿಸಿದ್ದೀರಿ. ಲೇಯರ್ ಪಟ್ಟಿಯಲ್ಲಿ ಎರಡು ಪುಟ್ಟ ಚಿತ್ರ ಪಕ್ಕಪಕ್ಕ ಇರ್ತವೆ, ಎರಡನೆಯದು ಮಾಸ್ಕ್. ಅಂಡೂ ಮಾಡಿ, ಅದರ ಮೇಲೆ ಒತ್ತಿ, ಆಮೇಲೆ ಹಚ್ಚಿ.

ಅಂಚು ಕತ್ತರಿಯಿಂದ ಕತ್ತರಿಸಿದಂಗೆ ಕಾಣ್ತಿದೆಯಾ? ಬ್ರಷ್‌ನ ಹಾರ್ಡ್‌ನೆಸ್ ಕಡಿಮೆ ಮಾಡಿ.

ಜಾಸ್ತಿ ಮರೆಯಾಯ್ತಾ? ಬಿಳಿ ಹಚ್ಚಿ, ಬರುತ್ತೆ. ಲ್ಯಾಪ್‌ಟಾಪ್‌ನಲ್ಲಿ ಎಕ್ಸ್ ಕೀ ಒತ್ತಿದರೆ ಕಪ್ಪು-ಬಿಳಿ ಅದಲುಬದಲು ಆಗುತ್ತೆ. ಫೋಟೊಶಾಪ್‌ನಲ್ಲಿ ಶಿಫ್ಟ್ ಒತ್ತಿ ಮಾಸ್ಕ್ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ತಾತ್ಕಾಲಿಕವಾಗಿ ಬಂದ್ ಆಗುತ್ತೆ, ಮೊದಲು-ಆಮೇಲೆ ಹೋಲಿಸಿ ನೋಡಬಹುದು.

ಜೆಪೆಗ್ ಆಗಿ ಮಾತ್ರ ಸೇವ್ ಮಾಡಿದ್ರಾ? ಲೇಯರ್, ಮಾಸ್ಕ್ ಎಲ್ಲ ಒಂದಾಗಿ ಕೂತುಬಿಡ್ತವೆ, ಮುಂದೆ ತಿದ್ದೋಕಾಗಲ್ಲ. ಫೋಟೊಶಾಪ್, ಫೋಟೊಪಿಯಾದಲ್ಲಾದರೆ ಪಿಎಸ್‌ಡಿ, ಗಿಂಪ್‌ನಲ್ಲಾದರೆ ಎಕ್ಸ್‌ಸಿಎಫ್ ಫೈಲ್ ಒಂದು ಇಟ್ಟುಕೊಳ್ಳಿ. ಹಂಚೋಕೆ, ಪ್ರಿಂಟ್ ಹಾಕಿಸೋಕೆ ಮಾತ್ರ ಜೆಪೆಗ್. ಪ್ರಿಂಟ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ರೆ ಗುಣಮಟ್ಟ ಇಳಿಯುತ್ತೆ.

ಎಲ್ಲಿ ಬಳಸಬಾರದು?

ಆಧಾರ್, ಪಾಸ್‌ಪೋರ್ಟ್, ಪರೀಕ್ಷೆ ಅರ್ಜಿಯ ಫೋಟೊಗಳಿಗೆ ಈ ಕೈಚಳಕ ಬೇಡ. ಮತ್ತೊಬ್ಬರ ಮುಖವನ್ನು ಅವರಿಲ್ಲದ ಜಾಗದಲ್ಲಿ ಕೂರಿಸೋದಂತೂ ಬೇಡವೇ ಬೇಡ. ತೀರಿಕೊಂಡ ಅಪ್ಪನನ್ನು ತಂಗಿಯ ಮದುವೆ ಫೋಟೊದಲ್ಲಿ ನಿಲ್ಲಿಸಬೇಕು ಅನ್ನೋ ಆಸೆ ಎಷ್ಟೋ ಮನೆಗಳಲ್ಲಿದೆ. ತಪ್ಪಿಲ್ಲ, ಮನೆಯವರೆಲ್ಲರನ್ನೂ ಕೇಳಿ ಮಾಡಿ. ಫೈಲಿನ ಹೆಸರಲ್ಲೇ “ಸೇರಿಸಿದ್ದು” ಅಂತ ಬರೆದಿಡಿ. ಇಪ್ಪತ್ತು ವರ್ಷ ಬಿಟ್ಟು ನೋಡೋ ಮಕ್ಕಳಿಗೆ ಯಾವುದು ನಡೆದದ್ದು, ಯಾವುದು ಜೋಡಿಸಿದ್ದು ಗೊತ್ತಿರಬೇಕು.

ಮುಂದಿನ ಸಲ ಊರಿಗೆ ಹೋದಾಗ ಗೋಡೆ ಮೇಲಿನ ಫೋಟೊದ ಒಂದು ಒಳ್ಳೆ ಪ್ರತಿ ತೆಗೆದು, ಮೂಲ ಅಂತ ಹೆಸರಿಟ್ಟು ಎರಡು ಕಡೆ ಉಳಿಸಿಡಿ. ಎಡಿಟಿಂಗ್ ಯಾವಾಗಲಾದರೂ ಮಾಡಬಹುದು; ಇನ್ನೊಂದು ಮಳೆಗಾಲ ಆ ಫೋಟೊ ತಡೆಯುತ್ತೋ ಇಲ್ಲವೋ ಹೇಳೋಕಾಗಲ್ಲ. ನಿಮ್ಮ ಮುತ್ಯಾ, ಆಯಿಯ ಫೋಟೊ ಸರಿಮಾಡಿದ ಅನುಭವ ಇದ್ದರೆ ಓದುಗರ ಅಂಕಣಕ್ಕೆ ನಾಲ್ಕು ಸಾಲು ಬರೆದು ಕಳಿಸ್ರಿ, ಉಳಿದವರಿಗೂ ದಾರಿ ಆಗ್ತದ.