‘ಮುಂದಿನ ವರ್ಷ ನೋಡನ’ ಅಂದರೆ ಗುರಿ ಮುಟ್ಟೋದು ಯಾವಾಗ?

‘ಬಪ್ಪ ವರ್ಷನಾದ್ರೂ ತೋಟದ ನೀರಿಗೊಂದು ವ್ಯವಸ್ಥೆ ಮಾಡವು’. ಬೇಸಿಗೆಯಲ್ಲಿ ನಂದೊಳ್ಳಿ ಕಡೆಯ ಜಗಲಿಗಳಲ್ಲಿ ಇಂಥ ಮಾತು ಹೊಸತಲ್ಲ. ಮಳೆ ಬಿದ್ದರೆ ಮಾತೂ ತೊಳೆದುಹೋಗುತ್ತದೆ. ಯಾಕೆಂದರೆ ಅದರಲ್ಲಿ ‘ಇವತ್ತು ಎಷ್ಟು’ ಅನ್ನುವ ಅಳತೆ ಇಲ್ಲ.

ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಮಾಡುತ್ತಿದ್ದವರು. ನಮ್ಮ ಕಡೆ ಹೇಳುವುದಾದರೆ ಕೊನೆಗೌಡರ ಕೆಲಸ. ಅವರಿಗೆ ಸಿಕ್ಕಿದ್ದು ಎರಡು ಎಕರೆ ಬೋಳುಗುಡ್ಡ, ಹನಿ ನೀರಿಲ್ಲ. ಬಾವಿ ತೋಡಿಸಲು ದುಡ್ಡೂ ಇಲ್ಲ. ಹಾಗಾಗಿ ಸುರಂಗ ಹಿಡಿದರು. ಗುಡ್ಡದ ಮೈಗೆ ಅಡ್ಡಲಾಗಿ ಕೊರೆದು ಒಸರುವ ನೀರನ್ನು ಹೊರಗೆ ತರುವ ಪದ್ಧತಿ ಇದು. ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಹಳೆಯದು.

ಕೂಲಿ ಬಿಡಲಿಲ್ಲ. ಬಿಟ್ಟಿದ್ದರೆ ಮನೆ ನಡೆಯುತ್ತಿರಲಿಲ್ಲ. ಕೆಲಸ ಮುಗಿಸಿ ಬಂದು ದೀಪ ಹಚ್ಚಿಕೊಂಡು ಒಬ್ಬರೇ ಕೊರೆದರು. ಒಂದಲ್ಲ, ಎರಡಲ್ಲ, ಐದು ಸುರಂಗ ಒಣಗಿದ್ದೇ ಸಿಕ್ಕವು. ಊರವರು ನಕ್ಕಿರಲಿಕ್ಕೂ ಸಾಕು! ಆರನೆಯದರಲ್ಲಿ ನೀರು ಬಂತು. ಪ್ರತಿ ಸಲ ಜಾಗ ಬದಲಿಸಿದರು, ಗುರಿ ಬದಲಿಸಲಿಲ್ಲ. ಗುಡ್ಡ ತೋಟವಾಯಿತು. 2022ರಲ್ಲಿ ಪದ್ಮಶ್ರೀಯೂ ಬಂತು.

ಸಾಲ ತೀರಿಸುವುದಿರಲಿ, ಪರೀಕ್ಷೆ ಇರಲಿ, ಮೊದಲು ದಿನಕ್ಕೆ ಎಷ್ಟು ಹೊತ್ತು ಕೊಡಬಹುದು ನೋಡಿ. ಅರ್ಧ ತಾಸಾದರೆ ಅರ್ಧ ತಾಸೇ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳಾದರೂ ಕೆಲಸ ಮುಂದೆ ಹೋಗದಿದ್ದರೆ ದಾರಿ ಬದಲಿಸಿ.

ದೂರದ ಉದಾಹರಣೆ ಅನ್ನಿಸಿದರೆ ಶಿರಸಿ ಗಣೇಶನಗರದ ಗೌರಿ ನಾಯ್ಕರಿದ್ದಾರೆ. ತೋಟಕ್ಕೆಂದು ಒಬ್ಬರೇ ಬಾವಿ ತೋಡಿದವರು, 2024ರಲ್ಲಿ ಅಂಗನವಾಡಿ ಮಕ್ಕಳಿಗೂ ಒಂದು ತೋಡಿದರು.