ಮೂವತ್ತಾರು ಸಾವಿರ ಅಡಿಯಲ್ಲಿ ಅರ್ಧ ಡಿಗ್ರಿ

ಏರಿಕೆ ಮುಗಿಸಿದ ಪ್ರಯಾಣಿಕ ವಿಮಾನ ಒಂದೇ ಎತ್ತರದಲ್ಲಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುವ ಹಂತಕ್ಕೆ ಕ್ರೂಸ್ ಎನ್ನುತ್ತಾರೆ. ಮನೆಯ ಕಂಪ್ಯೂಟರ್‌ನ ಸಿಮ್ಯುಲೇಟರ್‌ನಲ್ಲಿ ಬೋಯಿಂಗ್ 737-800 ಹಾರಿಸುವವರು ಈ ಹಂತವನ್ನು ಆಟೋಪೈಲಟ್‌ಗೆ ಒಪ್ಪಿಸಿ ಊಟಕ್ಕೆ ಏಳುವುದುಂಟು. ನಿಜವಾದ ವಿಮಾನದಲ್ಲೂ ಈ ಹೊತ್ತಿನಲ್ಲಿ ದುಡಿಯುವುದು ಆಟೋಪೈಲಟ್ಟೇ. ಆದರೆ ಊಟ ಮುಗಿಸಿ ಬಂದಾಗ ವಿಮಾನ ವೇಗ ಕಳೆದುಕೊಂಡು ಸ್ಟಾಲ್ ಆಗಿ (ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು) ಬೀಳುತ್ತಿದ್ದರೆ ಸಾಫ್ಟ್‌ವೇರನ್ನು ದೂರುವ ಮೊದಲು ವೇಗಕ್ಕೂ ಪಿಚ್‌ಗೂ ಇರುವ ನಂಟನ್ನು ನೋಡಬೇಕು. ವಿಮಾನದ ಮೂತಿ ದಿಗಂತಕ್ಕಿಂತ ಎಷ್ಟು ಮೇಲಕ್ಕೆ ಅಥವಾ ಕೆಳಕ್ಕೆ ವಾಲಿದೆ ಎಂಬ ಕೋನವೇ ಪಿಚ್.

ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800ಗಳು ಹಾರುತ್ತ ಬಂದಿರುವ ಮಂಗಳೂರು–ದುಬೈ ಮಾರ್ಗವನ್ನೇ ಉದಾಹರಣೆಗೆ ಹಿಡಿಯಬಹುದು. 36,000 ಅಡಿಯಲ್ಲಿ ಈ ವಿಮಾನದ ಸಾಮಾನ್ಯ ಕ್ರೂಸ್ ವೇಗ ಮ್ಯಾಕ್ 0.78ರ ಆಸುಪಾಸು, ಅಂದರೆ ಶಬ್ದದ ವೇಗದ ಶೇ. 78. ವೇಗಮಾಪಕ ಆಗ ತೋರಿಸುವುದು ಸುಮಾರು 258 ನಾಟ್ ಮಾತ್ರ. ಗಾಳಿಯಲ್ಲಿ ವಿಮಾನದ ನಿಜವಾದ ವೇಗ 448 ನಾಟ್, ಗಂಟೆಗೆ 830 ಕಿಲೋಮೀಟರ್‌ನಷ್ಟು. ಮಾಪಕ ಅಳೆಯುವುದು ಗಾಳಿ ಒತ್ತುವ ಬಲವನ್ನು. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಒಂದು ಪಾಲಿಗೂ ಕಡಿಮೆಯಿರುವುದರಿಂದ ಈ ಅಂತರ. ಮೇಲಿನ ಮಿತಿ ಮ್ಯಾಕ್ 0.82, ದಾಟಿದರೆ ಕಾಕ್‌ಪಿಟ್‌ನಲ್ಲಿ ಕಟಕಟ ಸದ್ದಿನ ಎಚ್ಚರಿಕೆ ಮೊಳಗುತ್ತದೆ. ಕೆಳಗಿನ ಮಿತಿ ತೂಕಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗದ ಪಟ್ಟಿಯ ಮೇಲೆ ಹಳದಿ ಗೆರೆಯಾಗಿ ಕಾಣಿಸುತ್ತದೆ. ವಿಮಾನ ಭಾರವಾದಷ್ಟೂ, ಎತ್ತರ ಹೆಚ್ಚಿದಷ್ಟೂ ಈ ಎರಡು ಮಿತಿಗಳು ಒಂದಕ್ಕೊಂದು ಹತ್ತಿರವಾಗುತ್ತವೆ.

ಸಮಮಟ್ಟದಲ್ಲಿ ಹಾರುವಾಗಲೂ ಮೂತಿ ದಿಗಂತದ ನೇರಕ್ಕೆ ಇರುವುದಿಲ್ಲ. ತೆಳುಗಾಳಿಯಲ್ಲಿ ತೂಕ ಹೊರಲು ರೆಕ್ಕೆ ಗಾಳಿಯನ್ನು ತುಸು ಓರೆಯಾಗಿ ಎದುರಿಸಲೇಬೇಕು. ಆದ್ದರಿಂದ 737ರಲ್ಲಿ ಮೂತಿ ಎರಡು, ಎರಡೂವರೆ ಡಿಗ್ರಿ ಮೇಲಕ್ಕಿರುತ್ತದೆ. ಹೊಸಬರು ಎಡವುವುದು ಈ ಸಣ್ಣ ಸಂಖ್ಯೆಯಲ್ಲಿಯೇ. 448 ನಾಟ್ ವೇಗದಲ್ಲಿ ಮೂತಿಯನ್ನು ಒಂದೇ ಒಂದು ಡಿಗ್ರಿ ಎತ್ತಿದರೂ ವಿಮಾನ ನಿಮಿಷಕ್ಕೆ ಸುಮಾರು 800 ಅಡಿ ಏರತೊಡಗುತ್ತದೆ. ಮ್ಯಾಕ್ ಸಂಖ್ಯೆಯನ್ನು ಸಾವಿರದಿಂದ ಗುಣಿಸಿದರೆ ಒಂದು ಡಿಗ್ರಿಗೆ ಎಷ್ಟು ಅಡಿ ಎಂಬ ಲೆಕ್ಕ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಎತ್ತರ ನೂರು ಅಡಿ ತಪ್ಪಿದ್ದರೆ ಕಾಲು ಡಿಗ್ರಿ ತಿದ್ದಿದರೆ ಸಾಕು. ಅರ್ಧ ಡಿಗ್ರಿ ಮೀರಿ ತಿದ್ದಬೇಕಾದ ಸಂದರ್ಭ ಅಪರೂಪ.

ಏರುವಾಗಿನ ಪದ್ಧತಿ ಬೇರೆ. ಅಲ್ಲಿ ಎಂಜಿನ್‌ಗಳು ನಿಗದಿತ ಶಕ್ತಿಯಲ್ಲಿ ದುಡಿಯುತ್ತಿರುತ್ತವೆ, ವೇಗ ಕಾಯುವುದು ಪಿಚ್‌ನ ಕೆಲಸ. ಕ್ರೂಸ್‌ಗೆ ಬಂದೊಡನೆ ಪಾತ್ರಗಳು ಅದಲುಬದಲಾಗುತ್ತವೆ: ಪಿಚ್ ಎತ್ತರವನ್ನು ಕಾಯುತ್ತದೆ, ಎಂಜಿನ್ ಶಕ್ತಿಯನ್ನು ತಾನಾಗಿ ಹೊಂದಿಸುವ ಆಟೋಥ್ರಾಟಲ್ ವೇಗವನ್ನು. ಇದನ್ನು ಮರೆತು, ಗರಿಷ್ಠ ಎತ್ತರದ ಸಮೀಪದಲ್ಲಿ ವರ್ಟಿಕಲ್ ಸ್ಪೀಡ್ ಗುಂಡಿ ಒತ್ತಿ ನಿಮಿಷಕ್ಕೆ 1,500 ಅಡಿ ಏರು ಎಂದು ಆಜ್ಞೆ ಕೊಟ್ಟರೆ ಆಟೋಪೈಲಟ್ ವಿಧೇಯವಾಗಿ ಮೂತಿ ಎತ್ತುತ್ತಲೇ ಹೋಗುತ್ತದೆ. ಎಂಜಿನ್‌ಗಳಲ್ಲಿ ಅಷ್ಟು ಕಸುವು ಉಳಿದಿರದ ಕಾರಣ ವೇಗ ಕರಗುತ್ತದೆ. ವೇಗ ಒಂದು ಹದಕ್ಕಿಂತ ಕೆಳಗಿಳಿದ ಮೇಲೆ ಗಾಳಿಯ ಎಳೆತ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆಗಿನ ಸ್ಥಿತಿ ಚಾರ್ಮಾಡಿ ಘಾಟಿಯನ್ನು ಟಾಪ್ ಗೇರ್‌ನಲ್ಲಿ ಹತ್ತಹೊರಟ ಲಾರಿಯದು: ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ವೇಗ ಮರಳದು. ಮೂತಿ ಇಳಿಸಿ, ಒಂದೆರಡು ಸಾವಿರ ಅಡಿ ಎತ್ತರವನ್ನು ಬಿಟ್ಟುಕೊಟ್ಟು ವೇಗ ಗಳಿಸುವುದೊಂದೇ ದಾರಿ.

ಕೈಯಾರೆ ಹಾರಿಸುವವರಿಗೆ ಟ್ರಿಮ್ ಬೇಕೇಬೇಕು. ನಿಜವಾದ 737ರಲ್ಲಿ ಟ್ರಿಮ್ ಬಾಲದ ಅಡ್ಡರೆಕ್ಕೆಯನ್ನು ತಿರುಗಿಸಿ, ಪೈಲಟ್ ಹಿಡಿದ ಹಿಡಿಕೆಯ ಮೇಲಿನ ಒತ್ತಡವನ್ನು ಇಳಿಸುತ್ತದೆ. ಮನೆಯ ಜಾಯ್‌ಸ್ಟಿಕ್‌ನ ಸ್ಪ್ರಿಂಗ್‌ಗೆ ಈ ಒತ್ತಡದ ಅರಿವಿಲ್ಲ. ಹಾಗಾಗಿ ಮೊದಲು ಜಾಯ್‌ಸ್ಟಿಕ್‌ನಿಂದ ಪಿಚ್ ಹಿಡಿದು, ಆಮೇಲೆ ಟ್ರಿಮ್ ಅನ್ನು ಚೂರುಚೂರೇ ಒತ್ತುತ್ತ ಜಾಯ್‌ಸ್ಟಿಕ್ಕನ್ನು ನಡುವಿಗೆ ಬಿಡಬೇಕು. ಟ್ರಿಮ್‌ನಿಂದಲೇ ವಿಮಾನ ಹಾರಿಸಹೊರಟವರ ಪಯಣ ಅಲೆಗಳ ಮೇಲಿನ ಏರಿಳಿತವಾಗುತ್ತದೆ. ಇನ್ನೊಂದು ತೊಡಕು, ಎಂಜಿನ್‌ಗಳು ರೆಕ್ಕೆಯ ಕೆಳಗೆ ತೂಗುವುದು. ಶಕ್ತಿ ಹೆಚ್ಚಿಸಿದಾಗ ಮೂತಿ ತಾನಾಗಿ ಮೇಲೇಳುತ್ತದೆ, ಇಳಿಸಿದಾಗ ಬಾಗುತ್ತದೆ. ವೇಗ ಐದು ನಾಟ್ ಕಡಿಮೆಯಿದೆಯೆಂದು ಎಂಜಿನ್ ಶಕ್ತಿಯ ಲಿವರನ್ನು ಮುಂದಕ್ಕೆ ತಳ್ಳಿದವರು ಎತ್ತರವನ್ನೂ ಕೆಡಿಸಿಕೊಳ್ಳುವುದು ಹೀಗೆ. ಎಂಜಿನ್ ಫ್ಯಾನ್‌ನ ವೇಗ ತೋರುವ ಎನ್1 ಅಂಕಿಯನ್ನು ಶೇ. ಒಂದೆರಡು ಮಾತ್ರ ಬದಲಿಸಿ, ವೇಗ ನೆಲೆಗೊಳ್ಳುವವರೆಗೆ ಕಾಯುವುದು ಲೇಸು.

ಸಿಮ್ಯುಲೇಟರ್‌ಗೇ ಮೀಸಲಾದ ಕಾಟಗಳೂ ಇವೆ. ಹಳೆಯ ಸಿಮ್ಯುಲೇಟರ್ ಎಫ್‌ಎಸ್‌ಎಕ್ಸ್‌ನಲ್ಲಿ ಹವಾಮಾನದ ಮಾಹಿತಿ ಬದಲಾದಾಗ ಗಾಳಿಯ ದಿಕ್ಕು ಕ್ಷಣಾರ್ಧದಲ್ಲಿ ಹೊರಳಿ ವೇಗ ಮಿತಿ ಮೀರುತ್ತಿತ್ತು. ಬೇಸರ ಕಳೆಯಲು ಕಾಲವನ್ನು ನಾಲ್ಕು ಪಟ್ಟು ಓಡಿಸಿದರೆ ಆಟೋಪೈಲಟ್‌ನ ತಿದ್ದುಪಡಿಗಳು ತಡವಾಗಿ ತಲುಪಿ ಮೂತಿ ತೂಗಾಡತೊಡಗಬಹುದು.

ದಾರಿ ಸಾಗಿದಂತೆ ಗಂಟೆಗೆ ಸರಿಸುಮಾರು ಎರಡೂವರೆ ಟನ್ ಇಂಧನ ಉರಿಯುತ್ತದೆ. ಹಗುರಾದ ವಿಮಾನಕ್ಕೆ ಅದೇ ವೇಗದಲ್ಲಿ ಕಡಿಮೆ ಪಿಚ್, ಕಡಿಮೆ ಶಕ್ತಿ ಸಾಕು. ಆಗ ಇನ್ನೂ ಎತ್ತರಕ್ಕೆ ಏರಿದರೆ ಇಂಧನ ಉಳಿಯುವುದರಿಂದ ದೂರದ ಹಾರಾಟಗಳಲ್ಲಿ ಹಂತಹಂತವಾಗಿ ಮೇಲೇರುತ್ತಾರೆ. ದುಬೈನಂಥ ಮೂರೂವರೆ ಗಂಟೆಯ ಹಾರಾಟದಲ್ಲಿ ಅದರ ಲಾಭ ಅಲ್ಪ.

ವೇಗಮಾಪಕವೇ ಕೈಕೊಟ್ಟರೆ ಪಿಚ್‌ನ ಬೆಲೆ ತಿಳಿಯುತ್ತದೆ. 2009ರ ಜೂನ್ 1ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೋಗುತ್ತಿದ್ದ ಏರ್ ಫ್ರಾನ್ಸ್ 447ರಲ್ಲಿ, ವೇಗಮಾಪಕಕ್ಕೆ ಗಾಳಿಯ ಒತ್ತಡ ತಲುಪಿಸುವ ಪಿಟೋ ನಳಿಕೆಗಳಿಗೆ ಅಟ್ಲಾಂಟಿಕ್ ಮೇಲೆ, 35,000 ಅಡಿಯಲ್ಲಿ, ಹಿಮದ ಹರಳು ಕಟ್ಟಿಕೊಂಡಿತು. ವೇಗದ ಅಂಕಿಗಳು ಕೆಟ್ಟು ಆಟೋಪೈಲಟ್ ಕಳಚಿಕೊಂಡಿತು. ಆ ಏರ್‌ಬಸ್ ಎ330ರ ಮೂತಿಯನ್ನು ಪೈಲಟ್ ಮೇಲಕ್ಕೆ ಎಳೆದ. ವಿಮಾನ ಸುಮಾರು 38,000 ಅಡಿಗೆ ಏರಿ, ಸ್ಟಾಲ್ ಆಗಿ ಸಮುದ್ರಕ್ಕೆ ಬಿತ್ತು. ಒಳಗಿದ್ದ 228 ಮಂದಿಯೂ ಸತ್ತರು. ಕ್ರೂಸ್‌ನ ಪಿಚ್ಚನ್ನೂ ಎಂಜಿನ್ ಶಕ್ತಿಯನ್ನೂ ಇದ್ದಂತೆಯೇ ಉಳಿಸಿಕೊಂಡಿದ್ದರೆ ವಿಮಾನ ಹಾರುತ್ತಲೇ ಇರುತ್ತಿತ್ತು. 737ರ ಪೈಲಟ್‌ಗಳು ಇಂಥ ಹೊತ್ತಿಗೆ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿರುತ್ತಾರೆ: ರೆಕ್ಕೆಯ ಫ್ಲಾಪ್ ಮಡಚಿದ್ದಾಗ ಪಿಚ್ 4 ಡಿಗ್ರಿ, ಎನ್1 ಶೇ. 75. ಆಟೋಪೈಲಟ್, ಆಟೋಥ್ರಾಟಲ್ ಕಳಚಿ ಇವೆರಡನ್ನು ಹಿಡಿದರೆ, ಎತ್ತರ ತುಸು ಹೆಚ್ಚುಕಡಿಮೆಯಾದರೂ, ಕೈಪಿಡಿಯ ಕೋಷ್ಟಕ ತೆರೆದು ತೂಕಕ್ಕೂ ಎತ್ತರಕ್ಕೂ ಒಪ್ಪುವ ಅಂಕಿ ಹುಡುಕುವಷ್ಟು ಸಮಯ ಸಿಗುತ್ತದೆ. ಒಳ್ಳೆಯ 737 ಸಿಮ್ಯುಲೇಟರ್‌ಗಳಲ್ಲಿ ಪಿಟೋ ದೋಷವನ್ನು ಬೇಕೆಂದಾಗ ಹುಟ್ಟಿಸಿ ಇದನ್ನು ಅಭ್ಯಾಸ ಮಾಡಬಹುದು.